ಹಳೆ ಗೋಡೆಗೆ ಬಣ್ಣ ಹೊಡೆಯುವ ಮೊದಲು ಪ್ರೈಮರ್ ಹಾಕಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಲಗುವ ಕೋಣೆಯ ಹಳೆ ಬಣ್ಣ ಬಹುಪಾಲು ಚೆನ್ನಾಗಿಯೇ ಇದೆ. ಮೊಳೆ ಕಿತ್ತ ತೂತು, ಸಣ್ಣ ಬಿರುಕುಗಳಿಗೆ ಪುಟ್ಟಿ ತುಂಬಿದ್ದೀರಿ. ಸೀಲಿಂಗ್ ಹತ್ತಿರದ ಮೂಲೆಯಲ್ಲಿ ಹಳೆಯ ನೀರಿನ ಕಲೆ ಇದೆ. ಒಬ್ಬರು ಇಡೀ ಕೋಣೆಗೆ ಎರಡು ಕೋಟ್ ಪ್ರೈಮರ್ ಬೇಕೇ ಬೇಕು ಅಂದಿದ್ದಾರೆ, ಇನ್ನೊಬ್ಬರು ಅದೆಲ್ಲ ದಂಡ ಅಂದಿದ್ದಾರೆ. 'ಪೇಂಟ್, ಪ್ರೈಮರ್ ಎರಡೂ ಒಂದರಲ್ಲೇ' ಅಂತ ಬರೆದಿರುವ ಡಬ್ಬಿ ತಂದರೆ ಸಾಕಾ ಅಂತಲೂ ಕೇಳಿದ್ದೀರಿ.

ಇಡೀ ಕೋಣೆಗೆ ಪ್ರೈಮರ್ ಬೇಕಾಗಲಿಕ್ಕಿಲ್ಲ. ಪುಟ್ಟಿ ಹಾಕಿದ ಜಾಗಕ್ಕೆ ಬೇಕೇ ಬೇಕು. ನೀರಿನ ಕಲೆಗೆ ಬೇಕಾಗಿರುವುದು ಬೇರೆ ಜಾತಿಯ ಪ್ರೈಮರ್. ಆದರೆ ಹಳೆ ಬಣ್ಣ ನಿಜವಾಗಿಯೂ ಗಟ್ಟಿಯಾಗಿದೆಯಾ, ಅದು ಎಂಥ ಬಣ್ಣ ಅನ್ನುವುದನ್ನು ಮೊದಲು ಪರೀಕ್ಷೆ ಮಾಡಿ. ಅದು ಗೊತ್ತಾಗದೆ ಯಾರು ಏನು ಹೇಳಿದರೂ ಬರೀ ಊಹೆ.

ನಾನು ವೃತ್ತಿಯಿಂದ ಪೇಂಟರ್ ಅಲ್ಲ. ನಮ್ಮ ಮನೆಯ ಕೋಣೆಗಳಿಗೆ ನಾನೇ ಬಣ್ಣ ಹೊಡೆದುಕೊಳ್ಳುತ್ತೇನೆ, ನೆಂಟರ ಮನೆಗಳಲ್ಲೂ ರೋಲರ್ ಹಿಡಿದಿದ್ದೇನೆ. ನಾನು ಕಂಡ ಹಾಗೆ, ಜನ ಬೇಡದ ಕಡೆ ಪ್ರೈಮರ್ ಧಾರಾಳವಾಗಿ ಬಳಿಯುತ್ತಾರೆ, ಬೇಕಾದ ಕಡೆ ಬಿಟ್ಟುಬಿಡುತ್ತಾರೆ. ಎಲ್ಲರ ಗಮನ ಹೊಸ ಬಣ್ಣದ ಮೇಲೆ. ಅಡಿಯಲ್ಲಿ ಏನಿದೆ ಅಂತ ನೋಡುವವರು ಕಡಿಮೆ.

ಪ್ರೈಮರ್ ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದರೆ ಉಳಿದದ್ದು ಸುಲಭ. ಎಮಲ್ಷನ್ ಪೇಂಟಿನಲ್ಲಿ ಮುಖ್ಯವಾಗಿ ಮೂರು ಇರುತ್ತವೆ: ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ನೀರು. ಗೋಡೆ ಜಾಸ್ತಿ ಹೀರುವಂಥದ್ದಾದರೆ ನೀರನ್ನು ಸರ್ ಅಂತ ಎಳೆದುಕೊಳ್ಳುತ್ತದೆ, ಜೊತೆಗೆ ಅಂಟಿನ ಒಂದು ಪಾಲೂ ಒಳಗೆ ಹೋಗುತ್ತದೆ. ಮೇಲೆ ಉಳಿಯುವ ಪುಡಿಗೆ ಹಿಡಿತ ಸಾಲುವುದಿಲ್ಲ. ಬಣ್ಣ ಮಂಕಾಗುತ್ತದೆ, ಕೈಗೆ ಪುಡಿ ಹತ್ತುತ್ತದೆ, ಒರೆಸಿದರೆ ಬಿಟ್ಟುಬರುತ್ತದೆ. ಗೋಡೆ ತೀರಾ ನುಣುಪಾಗಿ ಹೊಳೆಯುವಂತಿದ್ದರೆ ತೊಂದರೆ ತಿರುಗಾಮುರುಗಾ. ಬಣ್ಣ ಒಳಗೆ ಇಳಿಯುವುದೇ ಇಲ್ಲ, ಹಿಡಿದುಕೊಳ್ಳಲು ಜಾಗವಿಲ್ಲದೆ ಆಮೇಲೆ ಹಾಳೆಯ ಹಾಗೆ ಎದ್ದು ಬರುತ್ತದೆ. ಹೀರುವ ಗೋಡೆಯ ಬಾಯಿ ಮುಚ್ಚುವುದು, ಜಾರುವ ಗೋಡೆಗೆ ಹಿಡಿತ ಕೊಡುವುದು, ಕಲೆಯನ್ನು ಒಳಗೇ ತಡೆಯುವುದು ಪ್ರೈಮರ್ ಕೆಲಸ. ಈ ಮೂರರಲ್ಲಿ ಯಾವುದೂ ಬೇಕಿಲ್ಲದ ಗೋಡೆಗೆ ಪ್ರೈಮರ್ ಹಾಕಿದರೆ ಹಾನಿ ಏನೂ ಇಲ್ಲ, ಸುಮ್ನೆ ಒಂದು ದಿನದ ಕೆಲಸ ಜಾಸ್ತಿ.

ಈಗ ಪರೀಕ್ಷೆ. ಮೊದಲು ಅಂಗೈಯಿಂದ ಗೋಡೆಯನ್ನು ಗಟ್ಟಿಯಾಗಿ ಸವರಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಹಳೆ ಸುಣ್ಣವೋ ಡಿಸ್ಟೆಂಪರೋ ಇರಬಹುದು, ಇಲ್ಲವೇ ಸತ್ತು ಹೋದ ಪೇಂಟ್. ಅದರ ಮೇಲೆ ಪ್ರೈಮರ್ ಬಳಿದರೆ ಪ್ರೈಮರ್ ಅಂಟುವುದು ಪುಡಿಗೆ, ಗೋಡೆಗಲ್ಲ. ಪುಡಿ ಕಳಚಿದಾಗ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಕೆರೆದು, ಉಜ್ಜಿ, ತೊಳೆದು, ಒಣಗಿಸಿ ಆಮೇಲೆ ಪ್ರೈಮರ್. ಇಂಥ ಕೋಣೆಯಾದರೆ ಪೂರ್ತಿ ಗೋಡೆಗೆ ಬಳಿಯಿರಿ, ಜಿಪುಣತನ ಬೇಡ.

ಆಮೇಲೆ ಕಾಣದ ಮೂಲೆಯೊಂದರಲ್ಲಿ ಬ್ಲೇಡಿನಿಂದ ಇಂಟು ಗುರುತಿನ ಹಾಗೆ ಅಡ್ಡಡ್ಡ ಎರಡು ಗೀರು ಹಾಕಿ. ಅದರ ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ ಸರ್ರನೆ ಕೀಳಿ. ಟೇಪಿನ ಜೊತೆ ಚಕ್ಕೆ ಬಂದರೆ ಹಳೆ ಬಣ್ಣಕ್ಕೆ ಹಿಡಿತ ಇಲ್ಲ ಅಂತಲೇ ಅರ್ಥ. ಬರದಿದ್ದರೆ ನೆಮ್ಮದಿ.

ಮೂರನೆಯದು ನೀರು. ಗೋಡೆಗೆ ನಾಲ್ಕು ಹನಿ ಚಿಮುಕಿಸಿ ನೋಡುತ್ತಾ ನಿಲ್ಲಿ. ಹನಿ ಹನಿಯಾಗಿಯೇ ಕೆಳಗೆ ಇಳಿದರೆ ಗೋಡೆ ಹೀರುತ್ತಿಲ್ಲ. ಬಿದ್ದ ತಕ್ಷಣ ಕಪ್ಪಗಾಗಿ ಮಾಯವಾದರೆ ಪ್ರೈಮರ್ ಕೇಳುತ್ತಿದೆ. ನಿಮ್ಮ ಪುಟ್ಟಿ ಜಾಗದ ಮೇಲೂ ಒಂದು ಹನಿ ಹಾಕಿ, ಪಕ್ಕದ ಹಳೆ ಬಣ್ಣದ ಮೇಲೂ ಒಂದು ಹನಿ ಹಾಕಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆ ವ್ಯತ್ಯಾಸವೇ ಪುಟ್ಟಿಯ ಸಮಸ್ಯೆ. ಒಂದೇ ಡಬ್ಬಿಯ ಬಣ್ಣ, ಒಂದೇ ರೋಲರ್. ಆದರೂ ಒಣಗಿದ ಮೇಲೆ ಪುಟ್ಟಿ ಇದ್ದಲ್ಲಿ ಮಂಕು, ಉಳಿದ ಕಡೆ ಹೊಳಪು. ಎದುರು ನಿಂತರೆ ಅಷ್ಟಾಗಿ ಕಾಣುವುದಿಲ್ಲ. ಸಂಜೆ ಕಿಟಕಿಯಿಂದ ಬೆಳಕು ಓರೆಯಾಗಿ ಬಿದ್ದಾಗ ನೋಡಿ, ಎಲ್ಲೆಲ್ಲಿ ಮೊಳೆ ಹೊಡೆದಿದ್ದಿರಿ ಅನ್ನುವುದು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ಸ್ಯಾಟಿನ್, ಸೆಮಿ ಗ್ಲಾಸ್ ಥರದ ಹೊಳಪಿನ ಪೇಂಟ್ ಆದರಂತೂ ಇನ್ನೂ ಎದ್ದು ಕಾಣುತ್ತದೆ. ಮೇಲೆ ಇನ್ನೊಂದು ಕೋಟ್ ಹೊಡೆದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಒಮ್ಮೊಮ್ಮೆ ಹೋಗುತ್ತದೆ, ಬಹಳ ಸಲ ಇಲ್ಲ. ಒಳ್ಳೆ ಪೇಂಟನ್ನು ಪುಟ್ಟಿಗೆ ಕುಡಿಸುವುದಕ್ಕಿಂತ ಪ್ರೈಮರ್ ಕುಡಿಸುವುದು ವಾಸಿ ಅಲ್ವಾ?

ಮಾಡುವ ರೀತಿ ಸುಲಭ. ಪುಟ್ಟಿ ಪೂರ್ತಿ ಒಣಗಲಿ. 180 ಅಥವಾ 220 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಅಂಚು ಕೈಗೆ ತಗಲದ ಹಾಗೆ ಸಮ ಮಾಡಿ. ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ, ಯಾಕೆಂದರೆ ದೂಳಿನ ಮೇಲೆ ಯಾವುದೂ ನಿಲ್ಲುವುದಿಲ್ಲ. ಆಮೇಲೆ ಪುಟ್ಟಿಯ ಅಂಚಿನಿಂದ ಒಂದೆರಡು ಇಂಚು ಆಚೆಗೂ ಬರುವಂತೆ ಪ್ರೈಮರ್ ಬಳಿಯಿರಿ. ಆದಷ್ಟು ಚಿಕ್ಕ ರೋಲರಿನಿಂದಲೇ ಬಳಿಯಿರಿ. ಬ್ರಷ್ಷಿನ ಗೆರೆ ಉಳಿದರೆ ಮೇಲಿನ ಬಣ್ಣದಲ್ಲೂ ಕಾಣುತ್ತದೆ. ತೇಪೆಗಳು ಗೋಡೆ ತುಂಬಾ ಇದ್ದರೆ ಒಂದೊಂದಕ್ಕೇ ಹುಡುಕಿ ಹಚ್ಚುವ ಬದಲು ಆ ಗೋಡೆಗೆ ಪೂರ್ತಿ ಒಂದು ಕೋಟ್ ಹೊಡೆದುಬಿಡಿ. ಒಂದು ಗೋಡೆಗೆ ಹೊಡೆದ ಮಾತ್ರಕ್ಕೆ ನಾಲ್ಕಕ್ಕೂ ಹೊಡೆಯಬೇಕು ಅಂತೇನಿಲ್ಲ.

ಪುಟ್ಟಿಗೆ ಮೊದಲು ಪ್ರೈಮರೋ ನಂತರವೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಬಿಳಿ ಸಿಮೆಂಟಿನ ಪುಟ್ಟಿಯನ್ನು ಸಾಮಾನ್ಯವಾಗಿ ನೀರು ಚಿಮುಕಿಸಿದ ಗಾರೆಯ ಮೇಲೆ ನೇರವಾಗಿ ಹಾಕುತ್ತಾರೆ. ಅಕ್ರಿಲಿಕ್ ಪುಟ್ಟಿಗೆ ಅಡಿಯಲ್ಲೂ ಪ್ರೈಮರ್ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಪುಟ್ಟಿಯ ಮೇಲೆ ಪ್ರೈಮರ್ ಬೇಕು ಅನ್ನುವುದು ಮಾತ್ರ ಎರಡಕ್ಕೂ ಒಂದೇ.

ಇನ್ನು ನೀರಿನ ಕಲೆ. ಮೊದಲ ಪ್ರಶ್ನೆ: ನೀರು ಬರುವುದು ನಿಂತಿದೆಯಾ? ನಿಂತಿಲ್ಲದಿದ್ದರೆ ಬಣ್ಣದ ಯೋಚನೆ ಬಿಟ್ಟು ಸೋರಿಕೆ ಹುಡುಕಿ. ಒದ್ದೆ ಗೋಡೆಯನ್ನು ಯಾವ ಪ್ರೈಮರೂ ಸರಿ ಮಾಡುವುದಿಲ್ಲ. ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕುತ್ತದೆ, ದಾರಿಯಲ್ಲಿರುವ ಬಣ್ಣವನ್ನು ಗುಳ್ಳೆ ಎಬ್ಬಿಸಿ ತಳ್ಳುತ್ತದೆ. ಗೋಡೆ ಒಣಗಿದೆಯಾ ಅಂತ ತಿಳಿಯಲು ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಒಳಗಡೆ ಬೆವರಿದ್ದರೆ ಅಥವಾ ಗೋಡೆ ಕಪ್ಪಗಾಗಿದ್ದರೆ ಇನ್ನೂ ಕಾಯಬೇಕು. ಬೂಷ್ಟು ಹಿಡಿದಿದ್ದರೆ ತೊಳೆದು ಕೊಂದು ಒಣಗಿಸಿಯೇ ಮುಂದಕ್ಕೆ ಹೋಗಿ. ಅದಕ್ಕೆ ಬ್ಲೀಚ್ ಬಳಸುವುದಾದರೆ ಅಮೋನಿಯಾ ಅಥವಾ ಆಸಿಡ್ ಇರುವ ಯಾವ ಕ್ಲೀನರನ್ನೂ ಅದರ ಜೊತೆ ಬೆರೆಸಬೇಡಿ, ವಿಷದ ಅನಿಲ ಏಳುತ್ತದೆ.

ನೀರು ನಿಂತು ಗೋಡೆ ಒಣಗಿದ್ದರೂ ಕಲೆ ಉಳಿದಿರುತ್ತದೆ. ಇಲ್ಲಿ ಮಾಮೂಲಿ ನೀರಿನ ಪ್ರೈಮರ್ ಸೋಲುತ್ತದೆ. ಆ ಕಂದು ಕಲೆ ನೀರಿನಲ್ಲಿ ಕರಗುವಂಥದ್ದು. ನೀವು ಬಳಿಯುವ ಪ್ರೈಮರಿನ ನೀರೇ ಅದನ್ನು ಕರಗಿಸುತ್ತದೆ, ಒಣಗುವಾಗ ಮೇಲಕ್ಕೆ ಎಳೆದು ತರುತ್ತದೆ. ಬಳಿದಾಗ ಬೆಳ್ಳಗೆ ಕಂಡು, ಬೆಳಗ್ಗೆ ಎದ್ದು ನೋಡಿದರೆ ಕಲೆ ಮತ್ತೆ ಅಲ್ಲೇ. ಮೇಲೆ ಎಷ್ಟು ಎಮಲ್ಷನ್ ಹೊಡೆದರೂ ಇದೇ ಕತೆ. ಇದಕ್ಕೆ ಕಲೆ ತಡೆಯುವ ಪ್ರೈಮರ್ ಬೇಕು, ಅದರಲ್ಲೂ ಎಣ್ಣೆಯ ಅಥವಾ ಅರಗಿನ ಆಧಾರದ್ದು. ಮರಗೆಲಸದವರು ಸ್ಪಿರಿಟ್ಟಿನಲ್ಲಿ ಕರಗಿಸಿ ಪಾಲಿಶ್ ಹಾಕುತ್ತಾರಲ್ಲ, ಅದೇ ಅರಗು. ಡಬ್ಬಿಯ ಮೇಲೆ ಶೆಲಾಕ್ ಅಂತ ಇರುತ್ತದೆ. ಅದು ಬೇಗ ಒಣಗುತ್ತದೆ, ಕಲೆಯನ್ನೂ ಹಳೆ ಹೊಗೆ ವಾಸನೆಯನ್ನೂ ಒಳಗೇ ಕಟ್ಟಿಹಾಕುತ್ತದೆ. ಮಕ್ಕಳು ಗೀಚಿದ ಪೆನ್ನಿನ ಗೆರೆ, ಸಿಗರೇಟಿನ ಹೊಗೆಯ ಹಳದಿ, ಮರದ ಗಂಟಿನಿಂದ ಇಳಿಯುವ ಕಂದು ಬಣ್ಣ ಇವಕ್ಕೂ ಇದೇ ಮದ್ದು. ವಾಸನೆ ಜೋರು, ಬೆಂಕಿಗೂ ಬೇಗ ಸಿಗುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಒಲೆ ದೀಪ ಬೇಡ. ಕಲೆಯ ಮೇಲೆ ಮತ್ತು ಸುತ್ತ ಒಂದು ಗೇಣು ಹಚ್ಚಿದರೆ ಸಾಕು. ಒಣಗಿದ ಮೇಲೆ ಮತ್ತೆ ಕಂಡರೆ ಇನ್ನೊಂದು ಸಲ ಹಚ್ಚಿ. ಕಲೆ ಕಾಣದೇ ಇದ್ದಾಗ ಮಾತ್ರ ಮೇಲೆ ಬಣ್ಣ.

ಹಳೆ ಬಣ್ಣ ಆಯಿಲ್ ಪೇಂಟಾ ಅಂತ ನೋಡಲು ಹತ್ತಿಗೆ ಸ್ಪಿರಿಟ್ ಹಾಕಿ ಗೋಡೆಗೆ ತಿಕ್ಕಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ನೀರಿನ ಪೇಂಟ್, ಏನೂ ಆಗದಿದ್ದರೆ ಬಹುಶಃ ಆಯಿಲ್ ಪೇಂಟ್. ಆಯಿಲ್ ಪೇಂಟಿನ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಉಗುರಿನಲ್ಲಿ ಗೀರಿದರೂ ಎದ್ದು ಬರುತ್ತದೆ. ಹಾಗಿದ್ದಾಗ 120 ಅಥವಾ 150 ನಂಬರಿನ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜಿ, ಒರೆಸಿ, ಹೊಳಪಿನ ಮೇಲೂ ಅಂಟುವ ಬಾಂಡಿಂಗ್ ಪ್ರೈಮರ್ ಇಡೀ ಗೋಡೆಗೆ ಹಾಕಿ. ಮನೆ ತುಂಬಾ ಹಳೆಯದಾದರೆ ಆ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಹೊಸ ಗಾರೆಯ ಗೋಡೆ ಇರುವವರಿಗೆ ಒಂದು ಮಾತು, ನಿಮಗೆ ಇದು ಅನ್ವಯಿಸುವುದಿಲ್ಲ. ಹಸಿ ಸಿಮೆಂಟ್ ಗಾರೆ ತುಂಬಾ ಕ್ಷಾರದ್ದು, ಅದರ ಪಿಎಚ್ 12ಕ್ಕೂ ಮೇಲಿರುತ್ತದೆ. ಕಡಿಮೆ ಅಂದರೂ 28 ದಿನ ಬಿಟ್ಟು, ಒಣಗಿದ್ದನ್ನು ನೋಡಿಕೊಂಡು, ಕ್ಷಾರ ತಡೆಯುವ ಪ್ರೈಮರ್ ಹಾಕಬೇಕು. ಆಯಿಲ್ ಪೇಂಟ್ ಕ್ಷಾರಕ್ಕೆ ಸಿಕ್ಕರೆ ಸೋಪಾಗಿ ಅಂಟಂಟಾಗುತ್ತದೆ.

'ಎರಡೂ ಒಂದರಲ್ಲೇ' ಡಬ್ಬಿಯ ವಿಷಯ. ಬಹಳಷ್ಟು ಸಲ ಅದು ಸ್ವಲ್ಪ ದಪ್ಪಗೆ ಕೂರುವ, ಚೆನ್ನಾಗಿ ಮುಚ್ಚುವ ಪೇಂಟ್, ಅಷ್ಟೇ. ಗಟ್ಟಿಯಾಗಿರುವ ಹಳೆ ಬಣ್ಣದ ಮೇಲೆ ಅದು ಚೆನ್ನಾಗಿಯೇ ಕೂರುತ್ತದೆ, ಆದರೆ ಅಂಥ ಗೋಡೆಗೆ ಮಾಮೂಲಿ ಪೇಂಟೂ ಕೂರುತ್ತಿತ್ತು. ನಿಮ್ಮ ನೀರಿನ ಕಲೆಯನ್ನು ಅದು ತಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಹಾಗೆಯೇ ಉಳಿದ ಬಿಳಿ ಪೇಂಟಿಗೆ ನೀರು ಬೆರೆಸಿ ಪ್ರೈಮರ್ ಥರ ಬಳಿಯುವುದೂ ಪ್ರೈಮರ್‌ಗೆ ಸಮ ಅಲ್ಲ.

ಬಣ್ಣ ಪೂರ್ತಿ ಬದಲಾಗುವುದಿದ್ದರೆ, ಅಂದರೆ ಕಡು ನೀಲಿಯಿಂದ ಕೆನೆ ಬಣ್ಣಕ್ಕೆ, ಇಲ್ಲವೇ ಬಿಳಿಯಿಂದ ಕಡು ಕೆಂಪಿಗೆ, ಆಗ ಒಂದು ಕೋಟ್ ಪ್ರೈಮರ್ ಲಾಭವೇ. ಕೆಂಪು, ಹಳದಿ ಬಣ್ಣಗಳು ಅಡಿಯಲ್ಲಿರುವುದನ್ನು ಸುಲಭಕ್ಕೆ ಮುಚ್ಚುವುದಿಲ್ಲ. ಕಡು ಕೆಂಪಿನ ಅಡಿಗೆ ಬಿಳಿಗಿಂತ ಬೂದು ಛಾಯೆಯ ಪ್ರೈಮರ್ ಒಳ್ಳೆಯದು, ಒಂದೆರಡು ಕೋಟ್ ಉಳಿಯುತ್ತದೆ.

ಎಷ್ಟು ಬೇಕು ಅಂತ ಅಂದಾಜು ಬೇಕಿದ್ದರೆ: 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ ಗೋಡೆಗಳು 42 ಚದರ ಮೀಟರ್. ಬಾಗಿಲು ಕಿಟಕಿ ಕಳೆದರೆ ಹತ್ತಿರ ಹತ್ತಿರ 38. ಲೀಟರಿಗೆ 10 ಚದರ ಮೀಟರ್ ಅಂತ ಹಿಡಿದರೆ ಒಂದು ಕೋಟ್‌ಗೆ ಸುಮಾರು 4 ಲೀಟರ್. ಹೀರುವ ಗೋಡೆ ಇದಕ್ಕಿಂತ ಜಾಸ್ತಿ ಕುಡಿಯುತ್ತದೆ. ನಿಮ್ಮ ತೇಪೆಗಳಿಗಾದರೆ ನೀರಿನ ಪ್ರೈಮರಿನ ಚಿಕ್ಕ ಡಬ್ಬಿಯೇ ಮಿಕ್ಕುತ್ತದೆ, ಕಲೆಗೆ ಇನ್ನೊಂದು ಪುಟ್ಟ ಡಬ್ಬಿ.

ನೀರು ಬೆರೆಸುವ ಅಳತೆ, ಒಣಗುವ ಹೊತ್ತು ಒಂದೊಂದು ಡಬ್ಬಿಗೆ ಒಂದೊಂದು ಥರ, ಮೇಲೆ ಬರೆದಿರುವುದನ್ನೇ ಪಾಲಿಸಿ. ನೀರಿನ ಪ್ರೈಮರ್ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಮುಂದಿನ ಕೋಟ್‌ಗೆ ಸಿದ್ಧವಾಗುತ್ತದೆ, ಎಣ್ಣೆಯದಕ್ಕೆ ಒಂದು ರಾತ್ರಿ ಬಿಡುವುದು ಒಳ್ಳೆಯದು. ಪ್ರೈಮರ್ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರ ಮೇಲೆ ದೂಳು ಕೂತು ಹಿಡಿತ ಕಡಿಮೆಯಾಗುತ್ತದೆ. ಆಗ ನವುರಾಗಿ ಉಜ್ಜಿ ಒರೆಸಿ, ಬೇಕಿದ್ದರೆ ಇನ್ನೊಂದು ತೆಳು ಕೋಟ್ ಪ್ರೈಮರ್ ಕೊಟ್ಟು ಬಣ್ಣ ಶುರು ಮಾಡಿ.