ಬೋರ್ಡ್ ಬಂತು, ಮಾತ್ರೆ ಯಾಕೆ ಸಾಲುತ್ತಿಲ್ಲ?

ಪ್ರಶ್ನೆ: ನಮ್ಮೂರ ಉಪಕೇಂದ್ರಕ್ಕೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಬೋರ್ಡ್ ಬಂದಿದೆ. ಬಿಪಿ, ಶುಗರ್ ಮಾತ್ರೆಗೆ ಇನ್ನು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಬೇಕಿಲ್ಲ ಅಂದರು. ಆದರೆ ತಿಂಗಳ ಮೊದಲ ವಾರಕ್ಕೇ ಮಾತ್ರೆ ಖಾಲಿ. ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅವರನ್ನು ಕೇಳಬೇಕೋ, ಮೊದಲಿನಿಂದ ಇರುವ ಸಿಸ್ಟರನ್ನೋ?
– ಗ್ರಾಮ ಪಂಚಾಯಿತಿ ಸದಸ್ಯೆ, ತುಮಕೂರು ಜಿಲ್ಲೆ

ಉತ್ತರ: ಸಿಎಚ್‌ಒ ಅವರನ್ನೇ ಕೇಳಿ. 2018ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಉಪಕೇಂದ್ರದ ತಂಡಕ್ಕೆ ಅವರೇ ಮುಖ್ಯಸ್ಥರು. ಸಿಸ್ಟರ್, ಆಶಾ ಕಾರ್ಯಕರ್ತೆಯರು ಅದೇ ತಂಡದವರು. ಮೇಲ್ವಿಚಾರಣೆ ಪಿಎಚ್‌ಸಿ ವೈದ್ಯರದು. ಸಿಎಚ್‌ಒ ಗುತ್ತಿಗೆಯವರಾಗಿದ್ದು ಸಿಸ್ಟರ್ ಕಾಯಂ ಹಿರಿಯರಾಗಿರುವ ಕಡೆ, ಸ್ಟಾಕ್ ರಿಜಿಸ್ಟರ್ ಯಾರು ಬರೆಯಬೇಕೆಂಬುದೇ ಇತ್ಯರ್ಥವಾಗದೆ ಉಳಿಯುವುದುಂಟು. ಮೊದಲು ಅದನ್ನು ವಿಚಾರಿಸಿ.

ಆದರೂ ಇದು ಇಬ್ಬರ ತಪ್ಪಲ್ಲದಿರಬಹುದು. ಹಿಂದಿನ ತಿಂಗಳ ಖರ್ಚು ನೋಡಿ ಇಂಡೆಂಟ್ (ಔಷಧ ಬೇಡಿಕೆ ಪಟ್ಟಿ) ಹಾಕುವುದು ರೂಢಿ. ರೋಗಿಗಳು ಉಪಕೇಂದ್ರಕ್ಕೆ ಬಂದರೂ ಅವರ ಹಳೆಯ ಖರ್ಚು ಪಿಎಚ್‌ಸಿ ಲೆಕ್ಕದಲ್ಲೇ ಕೂತಿರುತ್ತದೆ. ಇಲ್ಲಿಗೆ 500 ಮಾತ್ರೆ ಬಂತು ಎನ್ನಿ, ವಾರದಲ್ಲಿ ಮುಗಿಯಿತು, ರಿಜಿಸ್ಟರಿನಲ್ಲಿ ಖರ್ಚು 500 ಎಂದೇ ದಾಖಲಾಯಿತು. ಮುಂದಿನ ತಿಂಗಳೂ ಬರುವುದು ಅಷ್ಟೇ. ಬರಿಗೈಲಿ ವಾಪಸಾದವರ ಲೆಕ್ಕ ಎಲ್ಲೂ ಇರುವುದಿಲ್ಲ. ಕೆಲಸವನ್ನು ಕೆಳಕ್ಕೆ ಇಳಿಸಿ ದಾಸ್ತಾನನ್ನು ಮೇಲೆಯೇ ಬಿಟ್ಟರೆ ಆಗುವುದು ಇದೇ.

ಹಾಗಾಗಿ ಖರ್ಚು ಬಿಟ್ಟು ತಲೆಯೆಣಿಕೆ ಹಿಡಿಯಬೇಕು. ಬಿಪಿಗೆ ದಿನಕ್ಕೊಂದು ಅಮ್ಲೋಡಿಪಿನ್ 5 ಮಿ.ಗ್ರಾಂ ತೆಗೆದುಕೊಳ್ಳುವವರು 60 ಜನರಿದ್ದರೆ ತಿಂಗಳಿಗೆ 1,800 ಮಾತ್ರೆ. ಒಂದು ತಿಂಗಳ ಮೀಸಲೂ ಸೇರಿ ಮೊದಲ ಇಂಡೆಂಟ್ 3,600 ಇರಲಿ. ಶುಗರ್‌ಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆರಡು ನುಂಗುವವರು 40 ಮಂದಿ ಎಂದರೆ ತಿಂಗಳಿಗೆ 2,400. ಹೆಸರು, ಮಾತ್ರೆ, ಡೋಸ್ ಇರುವ ಪಟ್ಟಿಗೆ ವೈದ್ಯರ ಸಹಿ ಹಾಕಿಸಿ ಸಿಎಚ್‌ಒ ಅದನ್ನು ಪಿಎಚ್‌ಸಿ ಫಾರ್ಮಾಸಿಸ್ಟ್‌ಗೆ ಕೊಡಲಿ. ಪ್ರತಿ ತಿಂಗಳ ಈ ಬಳಕೆಯಷ್ಟನ್ನು ಪಿಎಚ್‌ಸಿಯ ಇಂಡೆಂಟಿನಿಂದ ಕಳೆಯಲೇಬೇಕು. ಇಲ್ಲದಿದ್ದರೆ ಇಲ್ಲಿ ಕೊರತೆ, ಅಲ್ಲಿ ಎಕ್ಸ್‌ಪೈರಿ. ಮಾತ್ರೆಯಿಲ್ಲದೆ ಹಿಂತಿರುಗಿದವರಿಗೂ ರಿಜಿಸ್ಟರಿನಲ್ಲಿ ಒಂದು ಕಲಂ ಬೇಕು.

ಚಿಕಿತ್ಸೆ ಶುರು ಮಾಡುವುದು, ಡೋಸ್ ಬದಲಿಸುವುದು ವೈದ್ಯರ ಕೆಲಸ. ಬಿಪಿ ಹತೋಟಿಗೆ ಬಾರದವರನ್ನು ಸಿಎಚ್‌ಒ ಪಿಎಚ್‌ಸಿಗೆ ಕಳಿಸಿದರೆ ಅಲೆದಾಡಿಸುತ್ತಾರೆಂದು ದೂರಬೇಡಿ.

ಇನ್ನು ನಿಮ್ಮ ಕೈಲಾಗುವುದು: ಉಪಕೇಂದ್ರದ ಜನ ಆರೋಗ್ಯ ಸಮಿತಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಸಿಎಚ್‌ಒ ಸದಸ್ಯ ಕಾರ್ಯದರ್ಶಿ. ಅಧ್ಯಕ್ಷರಿಗೆ ಹೇಳಿ ಸಭೆ ಕರೆಸಿ; ಮೂರು ತಿಂಗಳ ಇಂಡೆಂಟ್, ಬಂದ ಮಾತ್ರೆ, ರೋಗಿಗಳ ಸಂಖ್ಯೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಂಡೆಂಟೇ ಕಡಿಮೆಯಿದ್ದರೆ ಅಲ್ಲೇ ಸರಿಪಡಿಸಬಹುದು. ಸರಿಯಾಗಿ ಕೇಳಿಯೂ ಬಂದಿಲ್ಲವಾದರೆ ಸಭೆಯ ನಡಾವಳಿಯ ಪ್ರತಿಯೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಬರೆಯಿರಿ.