ಅಂಕಿ ಸರಿ ಇದ್ದರೂ ಬೇಸ್ ಲೈನ್ ಹಾಡಿನ ಹಾಗೆ ಕೇಳಿಸದಿದ್ದರೆ

ಟ್ಯಾಬ್‌ನಲ್ಲಿರುವ ಅಂಕಿಗಳನ್ನೇ ಬೇಸ್ ಗಿಟಾರ್‌ನಲ್ಲಿ ಒತ್ತುತ್ತಿದ್ದೇನೆ, ಆದರೂ ಬೇಸ್ ಲೈನ್ ಹಾಡಿನ ಹಾಗೆ ಬರುತ್ತಿಲ್ಲ ಎಂದು ಕೇಳಿದ್ದೀರಿ. (ಟ್ಯಾಬ್ ಅಂದರೆ ತಂತಿಗೊಂದು ಗೆರೆ ಎಳೆದು, ಎಲ್ಲಿ ಒತ್ತಬೇಕೆಂದು ಅಂಕಿಯಲ್ಲಿ ಬರೆದದ್ದು.) ಮೊದಲು ಒಂದು ವಿಷಯ ನೋಡಿಕೊಳ್ಳಿ: ನಾಲ್ಕು ಗೆರೆಗಳಲ್ಲಿ ಕೆಳಗಿನದು ದಪ್ಪ ಇ ತಂತಿ, ಮೇಲಿನದು ಜಿ. ಅದು ಸರಿಯಿದ್ದರೆ ತೊಂದರೆ ಇರುವುದು ಲಯದಲ್ಲಿ.

ನೆಟ್‌ನಲ್ಲಿ ಸಿಗುವ ಸಾದಾ ಟ್ಯಾಬ್ ಯಾವ ತಂತಿ, ಯಾವ ಫ್ರೆಟ್ (ಗಿಟಾರ್ ಕತ್ತಿನ ಮೇಲೆ ಒತ್ತುವ ಮನೆ) ಎಂದಷ್ಟೇ ಹೇಳುತ್ತದೆ. ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ತಂತಿಯನ್ನು ಅದುಮಿ ಸದ್ದು ನಿಲ್ಲಿಸಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಬೇಸ್‌ಗೆ ಅದೇ ಜೀವ ಅಲ್ವಾ!

ಆದ್ದರಿಂದ ಗಿಟಾರ್ ಪಕ್ಕಕ್ಕಿಟ್ಟು ಹಾಡು ಕೇಳಿ. ಕಾಲಲ್ಲಿ ನಾಲ್ಕು ಬೀಟ್ ತಟ್ಟುತ್ತಾ, ಪ್ರತಿ ಬೀಟ್‌ಗೂ ಬಾಯಲ್ಲಿ ‘ತಕ’ ಎನ್ನಿ. ಟ್ಯಾಬ್‌ನಲ್ಲಿ ಎ ತಂತಿಯ ಮೇಲೆ 3, 3, 5 ಎಂದಿದೆ ಅಂದುಕೊಳ್ಳಿ. ಮೊದಲ 3 ಒಂದನೇ ಬೀಟ್‌ನ ‘ತ’ ಮೇಲೆ ಬಂದು, ಎರಡನೆಯದು ಎರಡನೇ ಬೀಟ್‌ನ ‘ಕ’ ಮೇಲೆ ಬಿದ್ದರೆ ಲೈನ್ ಕುಣಿಯುತ್ತದೆ. ಮೂರನ್ನೂ ಸಮವಾಗಿ ನುಡಿಸಿದರೆ ಬೇರೆಯದೇ ಹಾಡು. ಎಲ್ಲಿ ಬೀಳುತ್ತದೆಯೋ ಅದನ್ನು ಅಂಕಿಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಬಾಯಲ್ಲಿ ಹೇಳಲು ಬಂದ ಮೇಲೆ ಕೈಗೆ ತನ್ನಿ, ಅರ್ಧ ವೇಗದಲ್ಲಿ.

ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಇ ತಂತಿಯನ್ನು ಒತ್ತದೆ ಮೀಟಿದರೆ ಸುಮಾರು 41 ಹರ್ಟ್ಸ್. ಅಷ್ಟು ತಗ್ಗಿನ ಸದ್ದು ಫೋನ್ ಸ್ಪೀಕರ್‌ನಲ್ಲಿ ಸರಿಯಾಗಿ ಹೊರಡುವುದೇ ಇಲ್ಲ.

ಇನ್ನೊಂದು, ಇ ತಂತಿಯ 5ನೇ ಫ್ರೆಟ್ ಮತ್ತು ಎ ತಂತಿಯ 0 (ಅಂದರೆ ಒತ್ತದೆ ಮೀಟುವುದು) ಒಂದೇ ಸ್ವರ. ಟ್ಯಾಬ್ ನೋಡಿ ಕೈ ಸುಮ್ನೆ ಜಾಸ್ತಿ ಓಡಾಡುತ್ತಿದ್ದರೆ ಹತ್ತಿರದ ಜಾಗಕ್ಕೆ ಬದಲಾಯಿಸಿಕೊಳ್ಳಿ.