ಗಂಜಾಂ ಹರಕೆಯೂ ಡಯಾಲಿಸಿಸ್ ವಾರ್ಡಿನ ಬೆಂಚೂ

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷ ಆಯಿತು. ವಾರಕ್ಕೆ 2 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ 4 ಗಂಟೆ. ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತೆ, ಏನೂ ಆಗಲಿಲ್ಲ. ಈಗ ದೇವರ ಮನೆಗೆ ಕಾಲಿಟ್ಟರೆ ಕೋಪ ಬರುತ್ತದೆ, ದೀಪ ಹಚ್ಚುವುದನ್ನೇ ಬಿಟ್ಟಿದ್ದೇನೆ. ಆದರೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ನಾವು ಐದು ಜನ ಹೆಂಗಸರು ಕೂರುತ್ತೇವೆ. ಅವರಲ್ಲಿ ತಸ್ಬಿ (ಮುಸ್ಲಿಮರ ಜಪಮಾಲೆ) ಹಿಡಿದು ಕೂರುವ ಅಜ್ಜಿಯೊಬ್ಬರು ಮಗನಿಗೆ ದುವಾ ಮಾಡುವಾಗ ನಮ್ಮ ಯಜಮಾನರ ಹೆಸರನ್ನೂ ಸೇರಿಸುತ್ತಾರೆ. ನನಗೆ ನೆಮ್ಮದಿ ಸಿಗುವುದು ಅಲ್ಲಿ ಮಾತ್ರ. ಅತ್ತೆ, 'ದ್ಯಾವ್ರನ್ನ ಬುಟ್ಟೋಳ್ಗೆ ಒಳ್ಳೇದಾದದಾ' ಅಂತಾರೆ. ನಾನು ತಪ್ಪು ಮಾಡುತ್ತಿದ್ದೇನಾ?
(ಹೆಸರು ಬೇಡ, ಮಂಡ್ಯ ತಾಲ್ಲೂಕು)

ಉತ್ತರ: ತಪ್ಪೇನೂ ಇಲ್ಲ ತಂಗಿ. ನಿಮಿಷಾಂಬೆ ನಿಮಿಷದಲ್ಲಿ ಕಷ್ಟ ಕಳೆಯುತ್ತಾಳೆ ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಅದನ್ನು ನಂಬಿ ಹೋದವಳು ಒಂದೂವರೆ ವರ್ಷ ಕಾದರೆ ಕೋಪ ಬರದೆ ಇನ್ನೇನು ಬರುತ್ತದೆ? ಮಳೆ ಕೈಕೊಟ್ಟ ವರ್ಷ ನಮ್ಮಜ್ಜಿ ಮಾರಮ್ಮನ ಗುಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು, ಆಮೇಲೆ ಅಲ್ಲೇ ತಂಬಿಟ್ಟಿನ ಆರತಿ ಇಟ್ಟು ಬರುತ್ತಿದ್ದರು. ಅವರನ್ನು ಯಾರೂ ದೇವರನ್ನು ಬಿಟ್ಟವಳು ಅನ್ನಲಿಲ್ಲ. ನೀವೂ ಬೈಯಿರಿ.

ಇನ್ನು ಆ ಬೆಂಚು. ನಿಮ್ಮ ನೆಂಟರಲ್ಲಿ ಎಷ್ಟು ಜನಕ್ಕೆ ಡಯಾಲಿಸಿಸ್ ಯಾವ ಯಾವ ದಿನ ಅಂತ ಗೊತ್ತು ಹೇಳಿ? ಆ ಅಜ್ಜಿಗೆ ಗೊತ್ತು. ನಾನೂ ಮೈಸೂರಿನ ಒಂದು ಆಸ್ಪತ್ರೆಯ ಹೊರಗೆ ಹನ್ನೊಂದು ದಿನ ಕೂತಿದ್ದೆ, ಒಳಗೆ ಐಸಿಯುನಲ್ಲಿ ಅಮ್ಮ. ಪಕ್ಕದಲ್ಲಿದ್ದ ಹೆಂಗಸಿನ ಊರು ಕೇಳಿದೆ, ಹೆಸರು ಕೇಳಲೇ ಇಲ್ಲ. ಅವರ ಫ್ಲಾಸ್ಕಿನ ಕಾಫಿ ಮಾತ್ರ ಇವತ್ತಿಗೂ ನೆನಪಿದೆ, ಸಕ್ಕರೆ ಜಾಸ್ತಿ ಇರುತ್ತಿತ್ತು. ಅಮ್ಮನಿಗೆ ಜ್ಞಾನ ಬಂದಾಗ ನಾನು ಮೊದಲು ಓಡಿಹೋಗಿ ಹೇಳಿದ್ದು ಅಣ್ಣನಿಗಲ್ಲ, ಅವರಿಗೆ.

ಒಂದು ವಿಷಯದಲ್ಲಿ ಮಾತ್ರ ಬೆಂಚಿನವರ ಮಾತು ಕೇಳಬೇಡಿ. ಎಳನೀರು ಕುಡಿಸಿ, ಬಾಳೆದಿಂಡಿನ ರಸ ಕೊಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮದ್ದೂರಿನ ಸೀಮೆಯಲ್ಲಿದ್ದು ಎಳನೀರು ಬೇಡ ಅನ್ನುವುದು ಕಷ್ಟವೇ. ಆದರೆ ಕಿಡ್ನಿಯಲ್ಲಿ ಕಲ್ಲಾದವರ ಮದ್ದು ಬೇರೆ, ಕಿಡ್ನಿಯೇ ನಿಂತವರ ಪಥ್ಯ ಬೇರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದನ್ನು ಹೊರಹಾಕಲು ಅವರ ಕಿಡ್ನಿಗೆ ಆಗುವುದಿಲ್ಲ, ರಕ್ತದಲ್ಲಿ ಏರಿದರೆ ಎದೆಬಡಿತವೇ ಏರುಪೇರಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ಕುಡಿಯುವ ನೀರಿಗೂ ಲೆಕ್ಕ ಇರುತ್ತದೆ. ಫಿಸ್ಟುಲಾ ಇದ್ದರೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಕೈಯ ರಕ್ತನಾಳಗಳನ್ನು ಜೋಡಿಸಿದ್ದರೆ, ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಎತ್ತಬಾರದು. ಊಟದ ವಿಷಯ ಏನಿದ್ದರೂ ಡಾಕ್ಟರನ್ನೇ ಕೇಳಿ, ಸಂಕೋಚ ಬೇಡ.

ಅತ್ತೆ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಿಮಗೆ ಬೆಂಚಿದೆ, ಅವರಿಗೆ ಯಾರಿದ್ದಾರೆ? ಮಗ ಆಸ್ಪತ್ರೆಗೆ ಹೋದಾಗಲೆಲ್ಲ ಮನೆಯಲ್ಲಿ ಒಬ್ಬರೇ ಬಾಗಿಲು ನೋಡುತ್ತಾ ಕೂತು ಭಯಪಡುತ್ತಾರೆ, ಸಂಜೆ ಆ ಭಯವನ್ನೆಲ್ಲ ನಿಮ್ಮ ಮೇಲೆ ಹಾಕುತ್ತಾರೆ, ಅಷ್ಟೇ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ ಆ ಅಜ್ಜಿಯ ಪಕ್ಕ ಕೂರಿಸಿ. ಬೆಳಿಗ್ಗೆ ಹೊರಡುವ ಮುಂಚೆ ದೀಪ ಅವರೇ ಹಚ್ಚಲಿ, ನೀವು ಬುತ್ತಿ ಕಟ್ಟಿಕೊಳ್ಳಿ. ಆರು ಜನಕ್ಕೆ ಆಗುವಷ್ಟು.